ಹತ್ತೊಂಬತ್ತನೇ ಪುಟ

ಭಾನುವಾರ ಸಂಜೆ, ಶಬೀನಾಳ ಜೆರಾಕ್ಸ್ ಅಂಗಡಿಯ ಷಟರು
ಅರ್ಧ ಇಳಿದ ಮೇಲೆ
ನಾವು ಸಂಪಾದಕ ಮಂಡಲಿ ಆಗುತ್ತೇವೆ:
ಅವಳು, ಡ್ರಾಯಿಂಗ್ ಮೇಷ್ಟ್ರು ಅಂಜಿನಪ್ಪ,
ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ತೂಕದ ಚೀಟಿ ಬರೆಯುವ ನಾನು.
ಮನೆಯಲ್ಲಿ ಒಬ್ಬರದು ಉರ್ದು, ಇಬ್ಬರದು ತೆಲುಗು;
ಜಗಳ ಮಾತ್ರ ಕನ್ನಡದಲ್ಲಿ.

ಪತ್ರಿಕೆಯ ಹೆಸರು ‘ಗೀರು’.
ಮೂರು ತಿಂಗಳಿಗೊಮ್ಮೆ, ಇಪ್ಪತ್ತನಾಲ್ಕು ಪುಟ,
ಇನ್ನೂರೈವತ್ತು ಪ್ರತಿ. ಅದರಲ್ಲಿ ಎಪ್ಪತ್ತು
ಮೇಷ್ಟ್ರ ಮಂಚದ ಕೆಳಗೆ.

ಬಂದ ಕವಿತೆಗಳನ್ನು ಒಂದು ಮುರುಕು ಚಂದ್ರಿಕೆಗೆ ಸಿಕ್ಕಿಸುತ್ತೇವೆ.
ಹುಳ ಗೂಡು ಕಟ್ಟಿದ ಬಿದಿರಿನ ಸುತ್ತುಗಳ ನಡುವೆ ಈಗ ಹಾಳೆಗಳು.
ಹೋಲಿಕೆ ಅಂದುಕೊಳ್ಳಬೇಡಿ,
ಗೋಡೆಯಲ್ಲಿ ಬೇರೆ ಜಾಗವಿಲ್ಲ.
ಈ ಊರಿನ ಕವಿತೆಗಳಲ್ಲಿ ಹತ್ತಕ್ಕೆ ಏಳರಲ್ಲಿ
ರೇಷ್ಮೆಹುಳ ಸಾಯುತ್ತದೆ,
ಉಳಿದ ಮೂರರಲ್ಲಿ ಹುಳವೆಂದರೆ ಕವಿಯೇ.
ಎಲ್ಲವನ್ನೂ ಹಿಂದಿರುಗಿಸಿದ್ದೇವೆ. ಹುಳದ ಮೇಲೆ ದ್ವೇಷವಿಲ್ಲ.

ಬೇಡ ಅನ್ನುವುದು ಹೇಗೆ?
ಮೊದಮೊದಲು ‘ವಿಷಾದಿಸುತ್ತೇವೆ’ ಎಂದು ಅಚ್ಚು ಹಾಕಿಸಿದ ಕಾರ್ಡು ಇತ್ತು.
ಒಬ್ಬರು ಮರಳಿ ಬರೆದರು:
‘ವಿಷಾದ ನಿಮಗೇಕೆ, ಅದೂ ನನಗೇ ಇರಲಿ.’
ಅಂದಿನಿಂದ ಕೈಬರಹ. ಕಾರಣ ಬರೆಯುವುದಿಲ್ಲ.
ಬರೆದರೆ ತಿದ್ದಿ ಕಳಿಸುತ್ತಾರೆ,
ತಿದ್ದಿದ್ದೂ ಬೇಡವಾದರೆ ಬಸ್‌ಸ್ಟ್ಯಾಂಡಿನಲ್ಲಿ
ಬೋರ್ಡು ಓದುವವನ ಹಾಗೆ ನಿಲ್ಲಬೇಕು ನಾನು.
ಸೋದರಮಾವನ ಪ್ರಾಸಗಳನ್ನು ವಾಪಸು ಮಾಡಿದ ವರ್ಷ
ಯುಗಾದಿಗೆ ಅವರ ಮನೆಯಿಂದ ಒಬ್ಬಟ್ಟು ಬರಲಿಲ್ಲ.

ಈ ಸಲ ದಿಬ್ಬೂರಹಳ್ಳಿಯ ಸೊಣ್ಣಪ್ಪ.
ಹನ್ನೊಂದು ವರ್ಷದಿಂದ ಕಳಿಸುತ್ತಾರೆ, ಒಂದು ಸಂಚಿಕೆಯೂ ತಪ್ಪದೆ,
ತಮ್ಮದೇ ವಿಳಾಸ ಬರೆದ ಕವರು, ಮೇಲೆ ಸ್ಟಾಂಪು
(ಹಿಂದಿರುಗುವುದು ಗೊತ್ತಿದ್ದವರ ಅಚ್ಚುಕಟ್ಟು).
ಮೂವತ್ತಾರು ಸಾಲು: ಧರೆ, ಮುಗಿಲು, ನೇಗಿಲು, ಓ ಮಾನವಾ.
ಓದುತ್ತ ಓದುತ್ತ ಶಬೀನಾ ಆಕಳಿಸಿದಳು.
ಮುಗಿಯಿತೆಂದು ಕೈ ಚಾಚಿದೆ.
ತಾಳಿ, ಇನ್ನು ನಾಲ್ಕಿವೆ, ಅಂದಳು:

        ಕೈ ಬಿಸಿನೀರಲ್ಲಿತ್ತು.
        ಯಾರೋ ಬಾಗಿಲು ತಟ್ಟಿದರು.
        ಏಳಲಿಲ್ಲ,
        ಎಳೆ ಹೋಗುತ್ತದಲ್ಲ.

ಮಿಷನ್ನಿನ ಫ್ಯಾನೊಂದೇ ತಿರುಗುತ್ತಿತ್ತು.
ಮೇಷ್ಟ್ರು ಕನ್ನಡಕ ತೆಗೆದು, ಒರೆಸದೆ, ಮತ್ತೆ ಹಾಕಿಕೊಂಡರು.
‘ತಟ್ಟಿದ್ದು ಯಾರು?’
‘ಅದನ್ನು ಹೇಳಿದ್ದರೆ ಕೆಡುತ್ತಿತ್ತು.’

ಬರೆದೆವು: ಕೊನೆಯ ನಾಲ್ಕನ್ನಷ್ಟೇ ಹಾಕಲು ಒಪ್ಪಿಗೆಯೇ?
ಹತ್ತೊಂಬತ್ತನೇ ಪುಟ ಖಾಲಿ ಇಟ್ಟೆವು.

ಉತ್ತರ ಬಂತು, ಇನ್‌ಲ್ಯಾಂಡಿನ ಮೂರೂ ಮಗ್ಗುಲು ತುಂಬಿ:
ಆ ನಾಲ್ಕು ನನ್ನವಲ್ಲ ಸ್ವಾಮಿ.
ನನ್ನಾಕೆ ಯಾವಾಗಲೋ ಅಂದದ್ದು.
ಪದ್ಯ ನಿಲ್ಲಿಸಲು ಬರಲಿಲ್ಲ, ಅದನ್ನು ತಂದು ಅಡ್ಡ ಇಟ್ಟೆ.
ಮೇಲಿನ ಮೂವತ್ತೆರಡರಲ್ಲಿ ಏನೂ ಇಲ್ಲವೇ?

ಆಕೆಯ ಹೆಸರು ತಿಳಿಸಿ, ಅವರ ಹೆಸರಲ್ಲೇ ಹಾಕುತ್ತೇವೆ, ಎಂದು ಬರೆದೆವು.
ಆ ಕೊನೆಯ ಪ್ರಶ್ನೆಗೆ ಮೂವರೂ
ಒಬ್ಬರು ಇನ್ನೊಬ್ಬರು ಬರೆಯಲಿ ಎಂದು ಬಿಟ್ಟೆವು.

ಎರಡು ವಾರದ ಮೇಲೆ ಒಂದು ಕವರು.
ಬೇರೆ ಅಕ್ಷರ, ದುಂಡಗೆ,
ನಾಲ್ಕನೇ ಕ್ಲಾಸಿಗೆ ನಿಂತುಹೋದ ಅಕ್ಷರ:
‘ಬೇಡ. ವಾಪಸು ಕಳಿಸಿ. ಸ್ಟಾಂಪು ಇಟ್ಟಿದೆ.’
ಹೆಸರಿಲ್ಲ. ಕಾರಣವೂ ಇಲ್ಲ.

ನಮ್ಮ ಪದ್ಧತಿಯಂತೆ ಮೂರು ಸಲ ಓದಿದೆವು, ಕೈಯಿಂದ ಕೈಗೆ.
ಹತ್ತೊಂಬತ್ತನೇ ಪುಟಕ್ಕೆ ಟೊಮ್ಯಾಟೊ ನರ್ಸರಿಯ ಜಾಹೀರಾತು ಸಿಕ್ಕಿತು,
ನಾನೂರು ರೂಪಾಯಿ, ನಗದು.

ಆ ಸಾಲುಗಳನ್ನು ಇಲ್ಲಿ ಬರೆಯಬಾರದಿತ್ತು ನಾನು. ಬರೆದಿದ್ದೇನೆ.
ಚಂದ್ರಿಕೆಗೆ ಸಿಕ್ಕಿಸಿದರೆ
ಭಾನುವಾರ ಅವರಿಬ್ಬರೂ ಇದನ್ನು ಕೊನೆಯವರೆಗೂ ಓದುತ್ತಾರೆ,
ಆಮೇಲೆ ನನ್ನ ಮುಖ ನೋಡದೆ
ಕಾರ್ಡು ಹುಡುಕುತ್ತಾರೆ.